ರಟ್ಟಿನ ಮನೆಯೊಳಗೆ ಯಾರಿದ್ದರು?

ಹೋದ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಎಲ್ಲರಂತೆ ನಾನೂ ಸಾರಿನ ಪುಡಿ, ಹಪ್ಪಳ, ಸಂಡಿಗೆಗಳನ್ನು ಕಟ್ಟಿಕೊಂಡೇ ಹೋದೆ. ಆದರೆ ಅಲ್ಲಿ ನನ್ನಿಂದ ನಿರೀಕ್ಷಿಸಿದ್ದು ಬೇರೆಯೇ ಆಗಿತ್ತು. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ತಂಗಿಯ ಮಗ, ಹದಿನೈದು ವರ್ಷದ ಹುಡುಗ, ಮಾತು ಕಡಿಮೆ, ಹತ್ತಿರ ಬಂದು, “ದೊಡ್ಡಮ್ಮ, 1799ರಲ್ಲಿ ಶ್ರೀರಂಗಪಟ್ಟಣದ ಮನೆಗಳು ಹೇಗಿದ್ದವು? ನಿಮಗೆ ಗೊತ್ತಿರುತ್ತೆ ಅಂತ ಅಮ್ಮ ಹೇಳಿದ್ರು” ಎಂದ. ನನಗೆ ಐವತ್ತು ದಾಟಿದೆ, ನಿಜ. ಆದರೆ ಅಷ್ಟೊಂದು ದಾಟಿಲ್ಲ.

ವಿಷಯವೇನೆಂದರೆ, ಅವನೂ ಅವನ ಗೆಳೆಯರೂ ಮೇಜಿನ ಮೇಲೆ ಯುದ್ಧ ಆಡುತ್ತಾರೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಅದರ ಮೇಲೆ ಹಸಿರು ಬಟ್ಟೆ, ಗುಡ್ಡ, ಹೊಳೆ, ಬೇಲಿ. ಹೆಬ್ಬೆರಳಿನ ಗಾತ್ರದ ಸೈನಿಕರು, ಆಳೆತ್ತರ 28 ಮಿಲಿಮೀಟರು. ಒಬ್ಬೊಬ್ಬನಿಗೂ ಸಣ್ಣ ಕುಂಚದಲ್ಲಿ ಅಂಗಿ, ಪಟ್ಟಿ, ಗುಂಡಿ ಎಲ್ಲವನ್ನೂ ಬಣ್ಣ ಬಳಿದು ಬರೆಯುತ್ತಾರೆ. ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು, ಇಷ್ಟು ಇಂಚು ನಡೆದ, ಇಷ್ಟು ಜನ ಬಿದ್ದರು ಎಂದು ಲೆಕ್ಕ ಹಾಕುತ್ತಾರೆ. ಈ ಆಟದ ಬೊಂಬೆಗಳನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಎಂಬ ಹೆಸರಾಂತ ಕಂಪನಿಯ ಮುಖ್ಯ ಕಚೇರಿ ನಾಟಿಂಗ್‌ಹ್ಯಾಮಿನಲ್ಲೇ ಇದೆ. ಆದ್ದರಿಂದ ನಮ್ಮ ಊರುಗಳಲ್ಲಿ ಹುಡುಗರು ಕ್ರಿಕೆಟ್ ಬ್ಯಾಟು ಹಿಡಿದಷ್ಟೇ ಸಹಜವಾಗಿ ಅಲ್ಲಿ ಕೆಲವು ಹುಡುಗರು ಕುಂಚ ಹಿಡಿಯುತ್ತಾರೆ. ಈ ಸಲ ಅವರು ಆಡಬೇಕೆಂದಿದ್ದದ್ದು ಶ್ರೀರಂಗಪಟ್ಟಣದ ಮುತ್ತಿಗೆ. ಕೆಂಪು ಕೋಟಿನ ಕಂಪನಿ ಸಿಪಾಯಿಗಳು ಸಿದ್ಧರಿದ್ದರು, ಹುಲಿಪಟ್ಟೆಯ ಅಂಗಿ ತೊಟ್ಟ ಟಿಪ್ಪುವಿನ ಸಿಪಾಯಿಗಳೂ ಸಿದ್ಧರಿದ್ದರು. ಕೋಟೆಯ ಗೋಡೆಯೂ ಆಗಿತ್ತು. ಮನೆಗಳು ಮಾತ್ರ ಇರಲಿಲ್ಲ.

ಶಾಲೆಯಲ್ಲಿ ನಾನು ಆಟದ ಪಿಸ್ತೂಲು ಕಿತ್ತಿಟ್ಟುಕೊಳ್ಳುವ ಟೀಚರು. ದೀಪಾವಳಿಯ ಮಾರನೆಯ ದಿನ ನನ್ನ ಮೇಜಿನ ಖಾನೆಯಲ್ಲಿ ಐದಾರು ಪಿಸ್ತೂಲುಗಳಾದರೂ ಇರುತ್ತವೆ. ಹಾಗಿದ್ದೂ ಹುಡುಗ ರಟ್ಟು, ಬ್ಲೇಡು, ಉಕ್ಕಿನ ಸ್ಕೇಲು, ಅಂಟು ಎಲ್ಲ ತಂದು ಎದುರಿಗಿಟ್ಟಾಗ ನನ್ನ ಕೈ ಸುಮ್ಮನಿರಲಿಲ್ಲ. ಬಿ.ಎಡ್. ಓದುವಾಗ ಪಾಠೋಪಕರಣವೆಂದು ರಟ್ಟಿನಲ್ಲಿ ಕೋಟೆ, ಕಾಲುವೆ, ಜ್ವಾಲಾಮುಖಿಗಳನ್ನು ಮಾಡಿದವಳು ನಾನು. ಯುದ್ಧದ ಆಟಕ್ಕೆ ಸಹಾಯ ಮಾಡುವುದು ಸರಿಯೇ ತಪ್ಪೇ ಎಂಬುದನ್ನು ಆಮೇಲೆ ಯೋಚಿಸಿದರಾಯಿತು, ಮನೆ ಕಟ್ಟುವುದರಲ್ಲಿ ಏನು ತಪ್ಪು ಎಂದುಕೊಂಡೆ. ನಾವು ಬಹುತೇಕ ಕೆಲಸಗಳಿಗೆ ಕೈ ಹಾಕುವುದು ಹೀಗೆಯೇ ಅಲ್ಲವೆ?

ಅವನ ಬಳಿ ಅಚ್ಚಾದ ಹಾಳೆಗಳಿದ್ದವು. ದಪ್ಪ ಕಾಗದದ ಮೇಲೆ ಗೋಡೆ, ಕಿಟಕಿ, ಹೆಂಚು ಎಲ್ಲ ಬಣ್ಣದಲ್ಲಿ ಅಚ್ಚಾಗಿರುತ್ತದೆ; ಕತ್ತರಿಸಿ ಮಡಿಸಿ ಅಂಟಿಸಿದರೆ ಮನೆ. ಇದು ಹಳೆಯ ವಿದ್ಯೆ. ಫ್ರಾನ್ಸಿನ ಎಪಿನಾಲ್ ಎಂಬ ಊರಿನ ಮುದ್ರಣಾಲಯದವರು ಹತ್ತೊಂಬತ್ತನೆಯ ಶತಮಾನದಲ್ಲೇ ಕಾಗದದ ಸಿಪಾಯಿಗಳನ್ನೂ ಕಟ್ಟಡಗಳನ್ನೂ ಹಾಳೆಯ ಮೇಲೆ ಅಚ್ಚು ಹಾಕಿ ಮಾರುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಟಿಕೆಗೆ ಲೋಹ ಸಿಗದಿದ್ದಾಗ ಇಂಗ್ಲೆಂಡಿನ ಜನ ಮೈಕ್ರೋಮಾಡೆಲ್ಸ್ ಎಂಬ ಪೋಸ್ಟ್‌ಕಾರ್ಡಿನಷ್ಟೇ ಹಾಳೆಗಳನ್ನು ಕೊಂಡು ಪುಟ್ಟ ಪುಟ್ಟ ಕಟ್ಟಡಗಳನ್ನು ಮಾಡುತ್ತಿದ್ದರಂತೆ. ಹೊರಗೆ ನಿಜವಾದ ಮನೆಗಳು ಬಾಂಬಿಗೆ ಬೀಳುತ್ತಿದ್ದಾಗ ಒಳಗೆ ದೀಪದ ಕೆಳಗೆ ಕುಳಿತು ಕಾಗದದ ಮನೆ ಕಟ್ಟುತ್ತಿದ್ದವರ ಮನಸ್ಸು ನನಗೆ ಸ್ವಲ್ಪ ಅರ್ಥವಾಗುತ್ತದೆ.

ಆದರೆ ಹುಡುಗನ ಹಾಳೆಗಳಲ್ಲಿ ಇದ್ದದ್ದೆಲ್ಲ ಯೂರೋಪಿನ ಮನೆಗಳು. ಎರಡು ಕಡೆಗೆ ಇಳಿಬಿಟ್ಟ ಕಡಿದಾದ ಮಾಡು, ಹೊಗೆಗೂಡು, ಗಾಜಿನ ಕಿಟಕಿ. “ಇದನ್ನೇ ಸ್ವಲ್ಪ ಬದಲಾಯಿಸಿಬಿಡೋಣ, ಮಾಡಿಗೆ ಮಂಗಳೂರು ಹೆಂಚು ಅಂಟಿಸಿದರೆ ಇಂಡಿಯಾ ಥರ ಕಾಣುತ್ತೆ” ಎಂದ. ನನ್ನೊಳಗಿನ ಟೀಚರು ಎದ್ದು ಕುಳಿತಳು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಟಿಪ್ಪು ತೀರಿಕೊಂಡು ಅರವತ್ತಾರು ವರ್ಷವಾದ ಮೇಲೆ ಬಂದ ಹೆಂಚನ್ನು ಅವನ ಊರಿನ ಮನೆಗೆ ಹೊದಿಸುವುದು ಹೇಗೆ? ಅಂದಿನವು ಕುಂಬಾರನ ತಿಗರಿಯ ಮೇಲಾದ ನಾಡಹೆಂಚು, ಇಲ್ಲವೆ ಹುಲ್ಲು, ಇಲ್ಲವೆ ಮಣ್ಣಿನ ಮಾಳಿಗೆ. ಹುಡುಗ ನೋಟುಪುಸ್ತಕ ತಂದು ಬರೆದುಕೊಂಡ. ನನ್ನ ಶಾಲೆಯಲ್ಲಿ ಯಾವ ಮಗುವೂ ನಾನು ಹೇಳಿದ್ದನ್ನು ಕೇಳದೆಯೇ ಬರೆದುಕೊಂಡದ್ದಿಲ್ಲ.

ಹೀಗೆ ನಾನು ನಮ್ಮ ಹಳ್ಳಿಯ ಮನೆಯನ್ನೇ ರಟ್ಟಿನಲ್ಲಿ ಕಟ್ಟಲು ಕುಳಿತೆ. ಕಾವೇರಿಯ ದಂಡೆಯ ಹಳ್ಳಿ, ಶ್ರೀರಂಗಪಟ್ಟಣಕ್ಕೆ ದೂರವಿಲ್ಲ. ನನ್ನ ಅಪ್ಪ ಹುಟ್ಟಿದ ತೊಟ್ಟಿಯ ಮನೆ. 1799ರದ್ದೇನೂ ಅಲ್ಲ, ಆದರೂ ಜಗಲಿ, ನಡುಮನೆ, ತೊಟ್ಟಿ, ಹಿತ್ತಲು ಎಂಬ ಲೆಕ್ಕ ಆ ಸೀಮೆಯಲ್ಲಿ ಬಹಳ ಕಾಲದಿಂದ ಬಂದದ್ದು. ಯೂರೋಪಿನ ಮನೆಯ ಮಾಡು ಮಳೆಯನ್ನು ಹೊರಗೆ ತಳ್ಳುತ್ತದೆ. ನಮ್ಮ ತೊಟ್ಟಿಯ ಮನೆಯ ಮಾಡು ಒಳಕ್ಕೂ ಇಳಿದು ಮಳೆಯನ್ನು ಮನೆಯ ನಡುವೆ ಕರೆದುಕೊಳ್ಳುತ್ತದೆ. ಕೇಳಲು ಚೆಂದ, ರಟ್ಟಿನಲ್ಲಿ ಮಾಡಲು ಹೋದರೆ ನಾಲ್ಕು ಮೂಲೆಯಲ್ಲೂ ಒಳಮಡಿಕೆ ಬಂದು ಪ್ರಾಣ ತಿನ್ನುತ್ತದೆ. ಮೂರು ಮಾಡು ಹಾಳು ಮಾಡಿದ ಮೇಲೆ ನಾಲ್ಕನೆಯದು ಕೂತಿತು.

ಈ ಕೆಲಸದ ಕೆಲವು ಗುಟ್ಟುಗಳನ್ನು ಅವನಿಂದ ಕಲಿತೆ. ದಪ್ಪ ಕಾಗದವನ್ನು ಹಾಗೇ ಮಡಿಸಬಾರದು, ಮಡಿಸುವ ಗೆರೆಯ ಮೇಲೆ ಚಾಕುವಿನ ಮೊಂಡು ಬೆನ್ನಿನಿಂದ ಒಮ್ಮೆ ಗೀರಿಕೊಳ್ಳಬೇಕು. ಕತ್ತರಿಸಿದ ಅಂಚಿನಲ್ಲಿ ಬಿಳಿ ಕಾಣುತ್ತದಲ್ಲ, ಅದೊಂದೇ ಸಾಕು ಮನೆ ಕಾಗದದ್ದೆಂದು ಹೇಳಿಬಿಡಲು. ಆದ್ದರಿಂದ ಅಂಟಿಸುವ ಮೊದಲೇ ಅಂಚುಗಳಿಗೆ ಗೋಡೆಯ ಬಣ್ಣ ಹಚ್ಚಿಕೊಳ್ಳಬೇಕು. ಗೋಡೆ ಸೊಟ್ಟಗಾಗದಂತೆ ಒಳಮೂಲೆಗಳಿಗೆ ತ್ರಿಕೋನದ ರಟ್ಟಿನ ಆಸರೆ ಕೊಡಬೇಕು. ಹೆಂಚಿಗೆ ತಿಂಡಿಯ ಪೊಟ್ಟಣದ ತೆಳು ರಟ್ಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕೆಳಗಿನ ಸಾಲಿನಿಂದ ಶುರು ಮಾಡಿ, ಒಂದರ ಮೇಲೊಂದು ಅರ್ಧ ಏರಿಸುತ್ತ ಹೋಗಬೇಕು. ನಿಜವಾದ ಹೆಂಚು ಹೊದಿಸುವವನೂ ಹಾಗೇ ತಾನೆ ಮಾಡುವುದು? ಕುಡಿದು ಉಳಿದ ಟೀ ಪುಡಿಯನ್ನು ಒಣಗಿಸಿ ಅಂಟಿನ ಮೇಲೆ ಉದುರಿಸಿದರೆ ಅಂಗಳದ ಮಣ್ಣು. ನಾನು ನನ್ನ ಕಡೆಯಿಂದ ಕೆಮ್ಮಣ್ಣು ಸುಣ್ಣದ ಪಟ್ಟೆ, ದೀಪದ ಗೂಡು, ಹಿತ್ತಲಲ್ಲಿ ಒರಳುಕಲ್ಲು ಸೇರಿಸಿದೆ. ಬಾಗಿಲನ್ನು ಮೂರು ಸೆಂಟಿಮೀಟರಿಗಿಂತ ಕಡಿಮೆ ಮಾಡಿದ್ದೆ, ನಮ್ಮ ಕಡೆ ತಲೆ ಬಗ್ಗಿಸಿಯೇ ಒಳಗೆ ಬರಬೇಕು ಎಂದು. “ಸೋಲ್ಜರ್ ಬಗ್ಗಲ್ವಲ್ಲ ದೊಡ್ಡಮ್ಮ, ಅವನು ಲೋಹ” ಎಂದ ಹುಡುಗ. ಬಾಗಿಲು ಎತ್ತರಿಸಬೇಕಾಯಿತು.

ಇನ್ನೊಂದು ವಿಷಯ ನನಗೆ ಹೊಸದು. ಮೇಜಿನ ಮೇಲೆ ಇಡೀ ಊರನ್ನು ಕಟ್ಟಲಾಗುವುದಿಲ್ಲ. ಆದ್ದರಿಂದ ಒಂದು ಮನೆ ಇಟ್ಟರೆ ಅದು ಒಂದು ಬೀದಿಯ ಲೆಕ್ಕ. ನಮ್ಮ ಮನೆಯೊಂದೇ ಹದಿನೈದು ಇಪ್ಪತ್ತು ಮನೆಗಳ ಪರವಾಗಿ ನಿಲ್ಲಬೇಕಿತ್ತು. ಅದಕ್ಕಿಂತ ಹೊಸದು ಮುಂದಿನದು. ಮುತ್ತಿಗೆಯ ಆಟದಲ್ಲಿ ಮನೆ ಗುಂಡಿಗೆ ಬೀಳಬಹುದು. ಬಿದ್ದರೆ ಬಿದ್ದಂತೆ ಕಾಣಬೇಕು. ಅದಕ್ಕೆ ಅನುಭವಸ್ಥರು ಒಂದು ಉಪಾಯ ಮಾಡಿದ್ದಾರೆ. ಮೊದಲು ಪಾಳುಮನೆಯನ್ನು ಕಟ್ಟುವುದು: ಮುರಿದ ಗೋಡೆ, ಸುಟ್ಟ ತೊಲೆ, ಕಲ್ಲುಮಣ್ಣಿನ ಗುಡ್ಡೆ. ಅದರ ಅಳತೆಗೆ ಸರಿಯಾಗಿ ಹೊರಗೋಡೆ ಮಾಡು ಸೇರಿದ ಕವಚವೊಂದನ್ನು ಮಾಡಿ ಮೇಲಿನಿಂದ ಇಳಿಸುವುದು. ನೋಡುವವರಿಗೆ ಇಡೀ ಮನೆ. ಗುಂಡು ಬಿದ್ದಾಗ ಕವಚ ಎತ್ತಿಟ್ಟರೆ ಪಾಳು.

“ಹಾಗಾದರೆ ಮನೆಯೊಳಗೆ ಪಾಳು ಮೊದಲಿನಿಂದಲೂ ಇರುತ್ತದೆಯೆ?” ಎಂದೆ.

“ಹೌದು. ಅದನ್ನೇ ಮೊದಲು ಮಾಡಬೇಕು. ಇಲ್ಲದಿದ್ದರೆ ಫಿಟ್ ಆಗಲ್ಲ.”

ನನ್ನ ಅಜ್ಜಿಯ ಅಡುಗೆಮನೆಯ ಗೋಡೆಯನ್ನು ಅಂಕುಡೊಂಕಾಗಿ ಹರಿದು, ಅಂಚಿಗೆ ಕಪ್ಪು ಬಳಿದೆ. ಕೈ ಸ್ವಲ್ಪ ಹಿಂಜರಿಯಿತು. ಗಣಪತಿಯನ್ನು ಮಾಡುವುದೂ ನೀರಿಗೆ ಬಿಡಲೆಂದೇ, ರಂಗೋಲಿ ಹಾಕುವುದೂ ಅಳಿಸಿಹೋಗಲೆಂದೇ, ಎಂದು ಸಮಾಧಾನ ಹೇಳಿಕೊಂಡೆ. ಆದರೆ ಗಣಪತಿಯನ್ನು ಕಳಿಸುವಾಗ ಮುಂದಿನ ವರ್ಷ ಬಾ ಎನ್ನುತ್ತೇವೆ. ಇದಕ್ಕೆ ಏನೆನ್ನುವುದು?

ಈ ಆಟದ ವಂಶಾವಳಿಯನ್ನು ಹುಡುಗನೇ ಹೇಳಿದ. ಮೂಲಕ್ಕೆ ಹೋದರೆ ನಮ್ಮ ಚದುರಂಗ: ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೇನೆ. ಜರ್ಮನಿಯಲ್ಲಿ 1780ರಲ್ಲಿ ಹೆಲ್ವಿಗ್ ಎಂಬ ಮೇಷ್ಟರು ಚದುರಂಗದ ಮನೆಗಳನ್ನು ಹೆಚ್ಚಿಸಿ, ಅದರಲ್ಲಿ ಹೊಳೆ, ಊರುಗಳನ್ನು ಸೇರಿಸಿದರು. 1812ರಲ್ಲಿ ರೈಸ್‌ವಿಟ್ಸ್ ಎಂಬಾತ ಪ್ರಷ್ಯದ ರಾಜನಿಗೆ ಬೆಟ್ಟ ಕಣಿವೆಗಳನ್ನು ಕೂಡಿಸಿಡುವ ಮೇಜನ್ನೇ ಮಾಡಿಕೊಟ್ಟ. ಅವನ ಮಗ 1824ರಲ್ಲಿ ಅದನ್ನು ನಕಾಶೆಯ ಮೇಲೆ ಆಡುವಂತೆ ತಿದ್ದಿದ ಮೇಲೆ ಪ್ರಷ್ಯದ ಸೇನೆಯ ಅಧಿಕಾರಿಗಳಿಗೆ ಅದು ಪಾಠವಾಯಿತು. 1870ರಲ್ಲಿ ಅವರು ಫ್ರಾನ್ಸನ್ನು ಸೋಲಿಸಿದಾಗ ಮಿಕ್ಕ ದೇಶದವರೂ ಈ ಆಟವನ್ನು ತರಿಸಿಕೊಂಡರು. ಮಕ್ಕಳ ಆಟ ದೊಡ್ಡವರ ಕೈಗೆ ಹೋದ ಕಥೆ ಇದು.

ಅದನ್ನು ಮತ್ತೆ ಮನೆಯ ನೆಲದ ಮೇಲಕ್ಕೆ ತಂದವನು ಲೇಖಕ ಎಚ್. ಜಿ. ವೆಲ್ಸ್. ಅವನ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬಂದದ್ದು 1913ರಲ್ಲಿ. ಹುಡುಗರ ಆಟವನ್ನು ಮೆಚ್ಚುವಷ್ಟು ಜಾಣೆಯರಾದ ಹುಡುಗಿಯರಿಗೂ ಇದರಲ್ಲಿ ಪ್ರವೇಶವುಂಟು ಎಂದು ಮೊದಲ ಪುಟದಲ್ಲೇ ಉದಾರವಾಗಿ ಅಪ್ಪಣೆ ಕೊಟ್ಟಿದ್ದಾನೆ! ಆದರೆ ಪುಸ್ತಕದ ಕೊನೆಯಲ್ಲಿ ಅವನು ಹೇಳುವುದು ಯೋಚಿಸಬೇಕಾದ ಮಾತು. ಯುದ್ಧದ ಹುಚ್ಚಿರುವವರನ್ನೆಲ್ಲ ಒಂದು ಕೋಣೆಗೆ ಸೇರಿಸಿ ಬೊಂಬೆಗಳಿಂದ ಆಡಲು ಬಿಡಬೇಕು. ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧ ಎಂಥ ಎಡವಟ್ಟಿನ ಕೆಲಸವೆಂದು ತಿಳಿಯುತ್ತದೆ ಎಂಬುದು ಅವನ ವಾದ. ಪುಸ್ತಕ ಬಂದ ಮರುವರ್ಷವೇ, 1914ರ ಆಗಸ್ಟಿನಲ್ಲಿ, ಅವನ ದೇಶ ಮಹಾಯುದ್ಧಕ್ಕಿಳಿಯಿತು. ಬೊಂಬೆಯಾಟದಿಂದ ಯುದ್ಧ ನಿಲ್ಲಲಿಲ್ಲ. ಹಾಗೆಂದು ಬೊಂಬೆಯಾಟದಿಂದ ಯುದ್ಧ ಬಂದಿತೆಂದೂ ಹೇಳಲಾಗದು. ಪಿಸ್ತೂಲು ಕಿತ್ತುಕೊಂಡ ನನ್ನ ವಿದ್ಯಾರ್ಥಿಗಳೆಲ್ಲ ಸಾಧುಗಳಾಗಿದ್ದಾರೆಯೆ ಎಂದು ಕೇಳಿದರೆ ನಾನೂ ತಲೆ ತಗ್ಗಿಸಬೇಕಾಗುತ್ತದೆ.

ಮೇ ತಿಂಗಳ ಮೊದಲ ವಾರ ಆಟ ನಡೆಯಿತು. ಶ್ರೀರಂಗಪಟ್ಟಣ ಬಿದ್ದದ್ದು ಮೇ 4ರಂದು. ಅದಕ್ಕೇ ಆ ವಾರ. ಇಬ್ಬರು ಗೆಳೆಯರು ಬಂದಿದ್ದರು. ನಾನು ಚಕ್ಕುಲಿ ಕೊಟ್ಟು, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಹುಡುಗರು ಸಾಧುಗಳು, ಕೂಗಾಟವಿಲ್ಲ. ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದದ್ದು, ಮಧ್ಯಾಹ್ನದ ಹೊತ್ತಿಗೆ ಜನರಲ್ ಬೇರ್ಡ್ ಹೊಳೆ ದಾಟಿಸಿದ್ದು, ಎಲ್ಲ ಅವರಿಗೆ ಬಾಯಿಪಾಠ. ನಮ್ಮ ಮನೆ ಕೋಟೆಯ ಗೋಡೆಗೆ ಹತ್ತಿರವಿತ್ತು. ಅದರ ಮರೆಯಲ್ಲಿ ನಿಂತವರಿಗೆ ಪೆಟ್ಟು ಕಡಿಮೆ ಎಂದು ನಿಯಮ. ಕಂಪನಿಯ ಕಡೆಯ ಹುಡುಗ ಫಿರಂಗಿಯನ್ನು ಆ ಕಡೆ ತಿರುಗಿಸಿ ದಾಳ ಹಾಕಿದ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ನಮ್ಮವನೇ ಕೈ ಚಾಚಿ, ಮೂರು ಮಾಡು ಕೆಟ್ಟ ಮೇಲೆ ಕೂತಿದ್ದ ಆ ಕವಚವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಕಪ್ಪು ಗೋಡೆ, ಮುರಿದ ತೊಲೆ ಕಂಡವು. ಹಿತ್ತಲ ಒರಳುಕಲ್ಲು ಮಾತ್ರ ಹಾಗೇ ಇತ್ತು.

“ಒಳಗೆ ಯಾರಿದ್ದರು?” ಎಂದು ನಾನು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು.

“ಯಾರೂ ಇಲ್ಲ ದೊಡ್ಡಮ್ಮ. ಎಂಪ್ಟಿ. ಸೋಲ್ಜರ್ಸ್ ಎಲ್ಲ ಹೊರಗೇ ಇದ್ರು.”

“ಸೋಲ್ಜರ್ಸ್ ಅಲ್ಲಪ್ಪ. ಮನೆಯವರು.”

ಮೂವರೂ ನನ್ನ ಮುಖ ನೋಡಿದರು. ಆಗ ನಾನು ಮಾಡಬಾರದ್ದನ್ನು ಮಾಡಿದೆ: ಪಾಠ ಮಾಡಿದೆ. ಕೋಟೆ ಬಿದ್ದ ರಾತ್ರಿ ಊರು ಸೂರೆಯಾದದ್ದು, ಲೂಟಿ ಮಾಡದ ಮನೆಯೇ ಇಲ್ಲವೆನ್ನಬಹುದೆಂದು ಆರ್ಥರ್ ವೆಲ್ಲೆಸ್ಲಿಯೇ ಅಣ್ಣನಿಗೆ ಬರೆದದ್ದು, ಸಿಪಾಯಿಗಳನ್ನು ಗಲ್ಲಿಗೇರಿಸಿ ಅವನು ಲೂಟಿ ನಿಲ್ಲಿಸಬೇಕಾದದ್ದು, ಎಲ್ಲ ಹೇಳಿದೆ. ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಅದೇ ಮುತ್ತಿಗೆಯ ಭಾರಿ ಚಿತ್ರ ಬರೆದು ಲಂಡನ್ನಿನಲ್ಲಿ ಟಿಕೆಟ್ಟಿಟ್ಟು ತೋರಿಸಿದ, ಜನ ಮುಗಿಬಿದ್ದು ನೋಡಿದರು, ನೀವೂ ಅದನ್ನೇ ಮಾಡುತ್ತಿದ್ದೀರಿ ಎಂದೂ ಸೇರಿಸಿದೆ. ಹುಡುಗರು ಚಕ್ಕುಲಿ ಕೆಳಗಿಟ್ಟರು. ತಂಗಿ ಅಡುಗೆಮನೆಯಿಂದ ಬಂದು, “ಅಕ್ಕ, ಮಕ್ಕಳು ಆಟ ಆಡ್ತಿದಾರೆ. ಸ್ವಲ್ಪ ಬಿಡು” ಎಂದಳು. ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಆಟದಲ್ಲಿ ಎಲ್ಲವನ್ನೂ ಹಾಕಿದ್ರೆ ಅದು ಆಟ ಆಗಲ್ಲ ದೊಡ್ಡಮ್ಮ. ಏನಾದ್ರೂ ಬಿಡಲೇಬೇಕು.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹುಡುಗನ ಮಾತಿಗೆ ಉತ್ತರ ಹುಡುಕುತ್ತಿದ್ದೆ ಎಂದುಕೊಂಡಿದ್ದೆ. ನಿಜವಾಗಿ ನನ್ನನ್ನು ಎಚ್ಚರವಿರಿಸಿದ್ದು ಬೇರೆ.

ನಾನು ರಟ್ಟಿನಲ್ಲಿ ಕಟ್ಟಿದ ಮನೆ ಈಗ ಇಲ್ಲ. ಯಾವ ಫಿರಂಗಿಯೂ ಬೀಳಿಸಲಿಲ್ಲ, ನಾವೇ ಬೀಳಿಸಿದೆವು. 2005ರ ಕಾಯ್ದೆ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಕ್ಕೆ ನಮಗೂ ಹಕ್ಕಿದೆಯೆಂದು ನಾವು ಹೆಣ್ಣುಮಕ್ಕಳು ತಲೆಯೆತ್ತಿ ಹೇಳಿದೆವು. ಅದರಲ್ಲಿ ತಪ್ಪಿಲ್ಲ, ಇಂದಿಗೂ ಹೇಳುತ್ತೇನೆ. 2008ರಲ್ಲಿ ಮನೆಯನ್ನೂ ಹಿತ್ತಲನ್ನೂ ಮಾರುವುದೆಂದು ತೀರ್ಮಾನವಾಯಿತು. ಕೊಂಡವರಿಗೆ ಬೇಕಾದದ್ದು ಜಾಗ, ಮನೆಯಲ್ಲ. ವಕೀಲರ ಮೇಜಿನ ಮೇಲೆ ನಕ್ಷೆ ಹರಡಿದ್ದರು. ಮೇಲಿನಿಂದ ನೋಡಿದ ಮನೆ: ಒಂದು ದೊಡ್ಡ ಚೌಕ, ನಡುವೆ ತೊಟ್ಟಿಯ ಸಣ್ಣ ಚೌಕ, ಹಿಂದೆ ಇನ್ನೂ ಸಣ್ಣದೊಂದು ಚೌಕ. ಉದ್ದ ಇಷ್ಟು, ಅಗಲ ಇಷ್ಟು, ಚದರಡಿಗೆ ಇಷ್ಟು. ನಾನೇ ಲೆಕ್ಕ ಹಾಕಿ ನೋಡಿ, ಸರಿಯಿದೆ ಎಂದು ಸಹಿ ಮಾಡಿದೆ.

ಆ ಹಿಂದಿನ ಸಣ್ಣ ಚೌಕದಲ್ಲಿ ನಮ್ಮ ಪುಟ್ಟತ್ತೆ ಇದ್ದರು. ಅಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದವರು, ನಲವತ್ತು ವರ್ಷಕ್ಕೂ ಮಿಕ್ಕಿ ಆ ಕೋಣೆಯಲ್ಲಿದ್ದರು. ನಮ್ಮೆಲ್ಲರ ಬಾಣಂತನಕ್ಕೆ ಬಂದವರು ಅವರು. ಅವರ ಹಕ್ಕಿನ ಮಾತನ್ನು ಯಾರೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು. ಹೆಣ್ಣಿನ ಪಾಲಿನ ಬಗ್ಗೆ ಅಷ್ಟು ಮಾತಾಡಿದ ನನಗೆ ಆ ನಕ್ಷೆಯ ಮೇಲೆ ಅವರು ಕಾಣಲಿಲ್ಲ. ಅವರನ್ನು ನಾವು ಬೀದಿಗೆ ಹಾಕಲಿಲ್ಲ. ಚಿಕ್ಕಪ್ಪನ ಮಗನ ಮನೆಯಲ್ಲಿ ಆರು ತಿಂಗಳು, ಇನ್ನೊಬ್ಬರ ಮನೆಯಲ್ಲಿ ಆರು ತಿಂಗಳು ಎಂದು ವ್ಯವಸ್ಥೆಯಾಯಿತು. ನನ್ನ ಪಾಲಿನ ಹಣದಲ್ಲಿ ನಾವು ಮನೆಯ ಮೇಲೆ ಎರಡು ರೂಮು ಕಟ್ಟಿಸಿದೆವು. ಆ ರೂಮುಗಳಲ್ಲಿ ಪುಟ್ಟತ್ತೆ ಒಂದು ವಾರವೂ ಮಲಗಲಿಲ್ಲ. ಕರೆಯಲಿಲ್ಲವೆಂದಲ್ಲ, ಕರೆದೆವು, ಹಬ್ಬಕ್ಕೆ. ಎರಡು ವರ್ಷದಲ್ಲಿ ತೀರಿಕೊಂಡರು. ವಯಸ್ಸಾಗಿತ್ತು ಎಂದು ಎಲ್ಲರೂ ಹೇಳಿದೆವು, ಆಗಿತ್ತು ಕೂಡ.

ಒಳಗೆ ಯಾರಿದ್ದರು ಎಂದು ಹದಿನೈದರ ಹುಡುಗನನ್ನು ಕೇಳಿದ ನಾನು ಆ ದಿನ ವಕೀಲರ ಮೇಜಿನ ಮುಂದೆ ಅದನ್ನು ಕೇಳಿರಲಿಲ್ಲ.

ಇನ್ನೂ ಒಂದು ಲೆಕ್ಕ ಬಾಕಿಯಿತ್ತು. ಇಪ್ಪತ್ತೆಂಟು ವರ್ಷದಿಂದ ನಾನು ಮಕ್ಕಳಿಗೆ ನಾಲ್ಕನೆಯ ಮೈಸೂರು ಯುದ್ಧದ ಪಾಠ ಮಾಡಿದ್ದೇನೆ. ಕಾರಣಗಳು ನಾಲ್ಕು, ಪರಿಣಾಮಗಳು ಐದು, ಇಸವಿ 1799. ನನ್ನ ಪಾಠದಲ್ಲಿ ಕೋಟೆಯಿತ್ತು, ಸುಲ್ತಾನನಿದ್ದ, ಮೋಸವಿತ್ತು, ಒಪ್ಪಂದವಿತ್ತು. ಮನೆಗಳಿರಲಿಲ್ಲ. ಆ ಹುಡುಗರ ಮೇಜಿನ ಮೇಲೆ ಖಾಲಿ ಮನೆಯಾದರೂ ಇತ್ತು, ನನ್ನ ಕಪ್ಪು ಹಲಗೆಯ ಮೇಲೆ ಅದೂ ಇರಲಿಲ್ಲ.

ಆದ್ದರಿಂದ ಹುಡುಗ ಹೇಳಿದ್ದನ್ನು ಒಪ್ಪಿಕೊಂಡೆ. ಏನನ್ನಾದರೂ ಬಿಡಲೇಬೇಕು. ಆಟದಲ್ಲಿ ಮಾತ್ರವಲ್ಲ, ನಕ್ಷೆಯಲ್ಲಿ, ಪಾಠದಲ್ಲಿ, ಮನೆಯ ಖರ್ಚಿನ ಪುಸ್ತಕದಲ್ಲೂ ಅಷ್ಟೇ. ಎಲ್ಲವನ್ನೂ ಹಿಡಿಯುವ ಹಾಳೆ ಎಲ್ಲಿಯೂ ಇಲ್ಲ. ಬಿಡುವುದು ಪಾಪವಾದರೆ ಚದುರಂಗ ಆಡಿದವರೆಲ್ಲ ಪಾಪಿಗಳು, ಕಾಲಾಳಿಗೂ ತಾಯಿಯಿದ್ದಳು ಎಂದು ಅವರು ಯೋಚಿಸಲಿಲ್ಲವಲ್ಲ. ತಪ್ಪಾಗುವುದು ಬಿಟ್ಟಿದ್ದೇವೆಂಬುದನ್ನು ಮರೆತಾಗ. ಬಿಟ್ಟದ್ದನ್ನು ಇಲ್ಲವೆಂದು ತಿಳಿದಾಗ. ಲೆಕ್ಕದ ಅನುಕೂಲಕ್ಕೆ ಖಾಲಿ ಎಂದು ಬರೆದುಕೊಂಡ ಮನೆಯನ್ನು ನಿಜವಾಗಿಯೂ ಖಾಲಿಯೆಂದು ನಂಬಿ ಸಹಿ ಹಾಕಿದಾಗ. ಮೇಲಿನಿಂದ ನೋಡುವುದರ ತೊಂದರೆಯೇ ಇದು. ಸೇನಾಧಿಪತಿಯ ನಕಾಶೆ, ವಕೀಲರ ನಕ್ಷೆ, ಹುಡುಗರ ಮೇಜು, ಎಲ್ಲದರಲ್ಲೂ ನಮಗೆ ಕಾಣುವುದು ಮಾಡು. ಮಾಡಿನ ಕೆಳಗೆ ನೋಡಬೇಕಾದರೆ ಬಗ್ಗಬೇಕು. ನಮ್ಮ ಹಳೆಯ ಬಾಗಿಲುಗಳು ಅದಕ್ಕೇ ಅಷ್ಟು ಕುಳ್ಳಗಿದ್ದವೋ ಏನೋ.

ಮುಂದಿನ ವಾರ ಲಂಡನ್ನಿಗೆ ಹೋಗಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿಯನ್ನು ನೋಡಿದೆವು. ಮರದ ಹುಲಿ, ಕೆಳಗೆ ಅಂಗಾತ ಬಿದ್ದ ಯೂರೋಪಿನವನು. ಹಿಡಿ ತಿರುಗಿಸಿದರೆ ಅವನ ಕೈ ಮೇಲೇಳುತ್ತದೆ, ನರಳುವ ದನಿ ಬರುತ್ತದೆ. ಹುಲಿಯ ಹೊಟ್ಟೆಯಲ್ಲಿ ಆರ್ಗನ್ ವಾದ್ಯ. ಶ್ರೀರಂಗಪಟ್ಟಣದಿಂದ ತಂದು 1808ರಿಂದ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ ಆಟಿಕೆ ಅದು. ನಾವು ಸೋತ ಕಡೆಯವರು ಮಾತ್ರ ನಿರಪರಾಧಿಗಳು ಎಂದು ಹೇಳಿಕೊಳ್ಳಲು ಆ ಹುಲಿ ಬಿಡುವುದಿಲ್ಲ. ನೋವನ್ನು ಆಟಿಕೆ ಮಾಡುವ ಚಪಲ ಎರಡು ಕಡೆಯೂ ಇತ್ತು. ಒಂದು ವ್ಯತ್ಯಾಸ ಮಾತ್ರ ನನಗೆ ಕಂಡಿತು: ಆ ಆಟಿಕೆ ಕೆಳಗೆ ಬಿದ್ದವನಿಗೆ ದನಿ ಕೊಟ್ಟಿದೆ. ಗೇಲಿಗೆ ಕೊಟ್ಟ ದನಿಯೇ ಇರಬಹುದು, ಆದರೂ ಅವನು ಅಲ್ಲಿದ್ದಾನೆ.

ಹುಡುಗ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದ. ಮನೆಗೆ ಬಂದ ಮೇಲೆ, ತಾನಾಗಿಯೇ, “ದೊಡ್ಡಮ್ಮ, ಆ ಮನೆಗೆ ಜನ ಮಾಡಿಕೊಡ್ತೀರಾ?” ಎಂದ. ನಾನು ಕಾಗದದಲ್ಲಿ ಒಬ್ಬರನ್ನೇ ಮಾಡಿದೆ. 28 ಮಿಲಿಮೀಟರು, ಬಿಳಿ ಸೀರೆ, ಕುಳಿತ ಭಂಗಿ. ಜಗಲಿಯ ಮೇಲೆ ಕೂರಿಸಿದೆ. ಯಾರೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದು ಈಗ ನಿಮಗೇ ಮೊದಲು.

ಅವನು ಹೊಸ ನಿಯಮವೊಂದನ್ನು ಬರೆದ. ಮನೆಯ ಮೇಲೆ ಫಿರಂಗಿ ಹಾರಿಸುವವರು ಒಂದು ಸರದಿ ಕಾಯಬೇಕು, ಒಳಗಿರುವವರು ಹೊರಗೆ ಬರಲು. ಕಾಯದೆ ಹಾರಿಸಿದರೆ ಗೆದ್ದರೂ ಗೆಲುವಿನ ಅಂಕ ಅರ್ಧ. ಒಬ್ಬ ಗೆಳೆಯ ಒಪ್ಪಿದ. ಇನ್ನೊಬ್ಬ, ಇದು ಆಟವನ್ನು ನಿಧಾನ ಮಾಡುತ್ತದೆ, ನಿಜದಲ್ಲಿ ಯಾರೂ ಕಾಯಲಿಲ್ಲವಲ್ಲ ಎಂದ. ಅವನು ಹೇಳಿದ್ದೂ ನಿಜವೇ. ಅವರ ವಾದ ಮುಗಿಯುವ ಮೊದಲೇ ನನ್ನ ರಜೆ ಮುಗಿಯಿತು.

ಶಾಲೆ ಶುರುವಾಗಿ ತಿಂಗಳಾದ ಮೇಲೆ ಒಂದು ಭಾನುವಾರ ತಂಗಿಯ ಫೋನು ಬಂತು. ಹುಡುಗ ಅವಳ ಕೈಯಿಂದ ಕಿತ್ತುಕೊಂಡು ಮಾತಾಡಿದ. ಮತ್ತೆ ಅದೇ ಮುತ್ತಿಗೆ ಆಡಿದರಂತೆ, ಹೊಸ ನಿಯಮದಲ್ಲಿ. “ಮನೆ ಈ ಸಲವೂ ಹೋಯ್ತು ದೊಡ್ಡಮ್ಮ. ಆದ್ರೆ ಅಜ್ಜಿ ಹೊರಗೆ ಬಂದಿದ್ರು. ನಾನೇ ನೋಡ್ಕೊಂಡೆ.”

ನನಗೆ ಸಂತೋಷವಾಯಿತು. ಗಂಟಲು ಕಟ್ಟಿತು ಎಂದರೂ ಸುಳ್ಳಲ್ಲ. “ಒಳ್ಳೆಯದಾಯಿತಪ್ಪ. ಹೊರಗೆ ಬಂದ ಮೇಲೆ ಎಲ್ಲಿಗೆ ಹೋದರು?” ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅದಕ್ಕೆ ರೂಲ್ ಬರೆದಿಲ್ಲ ದೊಡ್ಡಮ್ಮ” ಎಂದ.

ನಾವೂ ಬರೆದಿರಲಿಲ್ಲ ಎಂದು ಅವನಿಗೆ ಹೇಳಲಿಲ್ಲ. “ಯೋಚನೆ ಮಾಡು, ನಾನೂ ಮಾಡ್ತೀನಿ” ಎಂದು ಫೋನಿಟ್ಟೆ.